ಸಂಪಾದಕರ ಉತ್ತರ: ಸಂತ್ರಸ್ತರ ಪಟ್ಟಿಯ ಹೊರಗೆ ಉಳಿದವರ ಬಗ್ಗೆ ಸಂಶೋಧನೆ ಮಾಡಿ

ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಕಲಿತು, ಮಂಗಳೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿದ ಯುವತಿ. ಸಾಮಾಜಿಕ ನ್ಯಾಯ, ಪರಿಸರ ನ್ಯಾಯದ ಸಂಶೋಧನೆಯನ್ನೇ ವೃತ್ತಿಯಾಗಿ ಮಾಡಿಕೊಳ್ಳಬೇಕೆಂದು ಆಸೆ. ಅವರು ಕೇಳಿದ್ದು ಇಷ್ಟು: ಇಲ್ಲಿನ ಗೇರು ತೋಟಗಳಿಗೆ ಸಿಂಪಡಿಸಿದ, ಹಲವು ಕಾಯಿಲೆಗಳಿಗೆ ಕಾರಣವೆಂದು ಹೇಳಲಾದ ಕೀಟನಾಶಕ ಎಂಡೋಸಲ್ಫಾನ್ ಬಗ್ಗೆ ಪಿಎಚ್‌.ಡಿ. ಮಾಡಬಹುದೇ, ಅದರಲ್ಲಿ ಇನ್ನು ಏನು ಉಳಿದಿದೆ? ಇಂಗ್ಲಿಷ್ ಅಷ್ಟಕ್ಕಷ್ಟೆ, ತೊಡಕಾದೀತೇ? ಇದರಲ್ಲಿ ಜೀವನ ಸಾಗುತ್ತದೆಯೇ? ಬಿ.ಎಡ್. ಮಾಡಿ ಹೈಯರ್ ಸೆಕೆಂಡರಿ ಟೀಚರ್ ಆಗು ಎನ್ನುವ ಮನೆಯವರ ಮಾತು ಕೇಳಬೇಕೇ?

ಆತ್ಮೀಯರೇ,

ಎಂಡೋಸಲ್ಫಾನ್ ಬಗ್ಗೆ ಖಂಡಿತ ಮಾಡಬಹುದು. ಆದರೆ ‘ಈ ರೋಗಗಳು ಎಂಡೋಸಲ್ಫಾನಿನಿಂದಲೇ ಬಂದವೇ?’ ಎಂಬ ಪ್ರಶ್ನೆಯನ್ನು ನೀವು ಎತ್ತಿಕೊಳ್ಳಬೇಡಿ. ಅದು ಸಣ್ಣ ಪ್ರಶ್ನೆ ಎಂದಲ್ಲ. ಸಮಾಜಶಾಸ್ತ್ರದ ಒಬ್ಬರೇ ವಿದ್ಯಾರ್ಥಿ, ಒಂದು ಪಿಎಚ್‌.ಡಿ.ಯ ಅವಧಿಯೊಳಗೆ, ಇಷ್ಟು ವರ್ಷಗಳ ನಂತರ ಅದಕ್ಕೆ ಗಟ್ಟಿ ಉತ್ತರ ಕೊಡುವುದು ಅಸಾಧ್ಯ. ಯಾಕೆಂದು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಈ ಕ್ಷೇತ್ರಕ್ಕೆ ಕಾಳಜಿಯಿಂದ ಬಂದವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು ಹೆಲಿಕಾಪ್ಟರಿನಿಂದ ಈ ಮದ್ದು ಬಿಟ್ಟದ್ದು 1970ರ ದಶಕದ ಕೊನೆಯಿಂದ 2000ದ ತನಕ. ಮಣ್ಣಿನಲ್ಲಿ ಎಂಡೋಸಲ್ಫಾನಿನ ಆಲ್ಫಾ ರೂಪ ಅರ್ಧಕ್ಕೆ ಇಳಿಯಲು ಒಂದೆರಡು ತಿಂಗಳು ಸಾಕು, ಬೀಟಾ ರೂಪಕ್ಕೆ ಇನ್ನೂ ಕೆಲವು ತಿಂಗಳು. ಇವು ಮಾರ್ಪಟ್ಟು ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ರಕ್ತದಲ್ಲಾದರೆ ಎಲ್ಲವೂ ದಿನಗಳ ಲೆಕ್ಕ. ಹೀಗಿರುವಾಗ ಇವತ್ತು ಒಬ್ಬರ ರಕ್ತ ತೆಗೆದು ಪರೀಕ್ಷಿಸಿ ‘ಏನೂ ಸಿಗಲಿಲ್ಲ’ ಎಂದರೆ, 1990ರಲ್ಲಿ ಅವರ ಮೈಮೇಲೆ ಮದ್ದು ಬಿದ್ದಿರಲಿಲ್ಲ ಎಂದಾಗುವುದಿಲ್ಲ. ಸಿಕ್ಕಿತು ಎಂದಾದರೂ ಅದು ಆ ಕಾಲದ್ದು ಎನ್ನುವಂತಿಲ್ಲ. ಈಗ ರಕ್ತ ಪರೀಕ್ಷೆ ಮಾಡಿಸಿದರೆ ಹಣವೂ ಹೋಗುತ್ತದೆ, ಜನರ ಮನಸ್ಸಿಗೂ ನೋವಾಗುತ್ತದೆ.

ಸರ್ವೆಯ ಮಾತಿಗೆ ಬರೋಣ. ತೋಟದ ಬದಿಯ ಊರಿನಲ್ಲಿ ನೂರಕ್ಕೆ 10 ಮಂದಿಗೆ, ದೂರದ ಊರಿನಲ್ಲಿ ನೂರಕ್ಕೆ 5 ಮಂದಿಗೆ ಒಂದು ತೊಂದರೆ ಇದೆ ಎಂದಿಟ್ಟುಕೊಳ್ಳಿ. ಈ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ತೋರಿಸಲು, ಸಂಖ್ಯಾಶಾಸ್ತ್ರದ ರೂಢಿಯ ಮಟ್ಟದಲ್ಲಿ, ಒಂದೊಂದು ಊರಿನಿಂದ ಸುಮಾರು 435 ಮಂದಿ ಬೇಕು. ಒಂದೇ ಮನೆಯ, ಒಂದೇ ವಾರ್ಡಿನ ಜನ ಒಬ್ಬರನ್ನೊಬ್ಬರು ಹೋಲುವುದರಿಂದ ಆ ಸಂಖ್ಯೆ ಒಂದೂವರೆ, ಎರಡು ಪಟ್ಟಾಗುತ್ತದೆ. ನೂರಕ್ಕೆ ಒಂದೆರಡು ಮಾತ್ರ ಕಾಣುವ ಕಾಯಿಲೆಯಾದರೆ ಒಂದೊಂದು ಕಡೆ ಎರಡು ಸಾವಿರ ದಾಟಬೇಕು. ಬಿಟ್ಟು ಹೋದ ಕುಟುಂಬಗಳಿವೆ, ತೀರಿಹೋದವರಿದ್ದಾರೆ, ಹೊಸದಾಗಿ ಬಂದು ನೆಲೆಸಿದವರಿದ್ದಾರೆ. ಇವರನ್ನೆಲ್ಲ ಬೇರ್ಪಡಿಸದೆ ಕೂಡಿದರೆ ಲೆಕ್ಕ ತಪ್ಪುತ್ತದೆ.

ಕೆಲವರು ಸರಕಾರ ಮಾಡಿದ ಸಂತ್ರಸ್ತರ ಪಟ್ಟಿಯನ್ನೇ ಹಿಡಿದು ‘ಈ ಪಂಚಾಯತಿನಲ್ಲಿ ಇಷ್ಟು ರೋಗ’ ಎಂದು ಬರೆಯುತ್ತಾರೆ. ಇದು ದೊಡ್ಡ ತಪ್ಪು. ಪಟ್ಟಿಯಲ್ಲಿರುವುದು ವೈದ್ಯಕೀಯ ಶಿಬಿರಕ್ಕೆ ಬಂದು, ಪರೀಕ್ಷೆಯಲ್ಲಿ ಆಯ್ಕೆಯಾದವರು. ಶಿಬಿರಕ್ಕೆ ಬರಲಾರದವರು ಅದರಲ್ಲಿಲ್ಲ. ಒಟ್ಟು ಎಷ್ಟು ಜನರಲ್ಲಿ ಇಷ್ಟು ಎಂಬುದೂ ಅದರಲ್ಲಿಲ್ಲ. ಛೇದವಿಲ್ಲದ ಅಂಶದಿಂದ ಪ್ರಮಾಣ ಹೇಳಲಾಗದು. ಎಂಡೋಸಲ್ಫಾನಿಗೂ ರೋಗಕ್ಕೂ ಇರುವ ಸಂಬಂಧವನ್ನು ಒಪ್ಪದ ವಿಜ್ಞಾನಿಗಳು ಮೊದಲು ಕೈ ಹಾಕುವುದು ಈ ಜಾಗಕ್ಕೆ. ಅವರು ಬರೆದದ್ದನ್ನು ನೀವು ಎಲ್ಲಕ್ಕಿಂತ ಮೊದಲು ಓದಬೇಕು.

ಸಣ್ಣ ಪ್ರಶ್ನೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಮಕ್ಕಳನ್ನು ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಹೋಲಿಸಿದರು. 2003ರಲ್ಲಿ ಪ್ರಕಟವಾದ ಅವರ ಲೇಖನ ಎಲ್ಲ ರೋಗಗಳ ಬೆನ್ನು ಹತ್ತಲಿಲ್ಲ. 10ರಿಂದ 19 ವರ್ಷದ 117 ಹುಡುಗರು ಒಂದು ಕಡೆ, ಸಿಂಪಡಣೆ ಕಾಣದ 90 ಹುಡುಗರು ಇನ್ನೊಂದು ಕಡೆ. ಲೈಂಗಿಕ ಬೆಳವಣಿಗೆ ತಡವಾಗಿದೆಯೇ, ಹಾರ್ಮೋನುಗಳಲ್ಲಿ ಏರುಪೇರು ಇದೆಯೇ, ರಕ್ತದಲ್ಲಿ ಎಂಡೋಸಲ್ಫಾನ್ ಎಷ್ಟು ಎಂದಷ್ಟೇ ನೋಡಿತು. ಸಿಂಪಡಣೆ ನಿಂತು ಹೆಚ್ಚು ಕಾಲವಾಗಿರಲಿಲ್ಲವಾದ್ದರಿಂದ ರಕ್ತದ ಅಳತೆಗೆ ಆಗ ಅರ್ಥವಿತ್ತು. ಅದರ ಮೇಲೂ ಪ್ರಶ್ನೆಗಳು ಬಂದವು. ಆದರೆ ಏನನ್ನು ಅಳೆದರು, ಯಾರೊಂದಿಗೆ ಹೋಲಿಸಿದರು ಎಂಬುದು ಸ್ಪಷ್ಟವಿದ್ದುದರಿಂದ ಚರ್ಚೆ ದಾರಿ ತಪ್ಪಲಿಲ್ಲ.

2001ರಲ್ಲಿ ನಡೆದುದು ಇದಕ್ಕೆ ವಿರುದ್ಧ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ನೀರು, ರಕ್ತ, ಎದೆಹಾಲಿನ ಮಾದರಿಗಳಲ್ಲಿ ಎಂಡೋಸಲ್ಫಾನ್ ಇದೆ ಎಂದಿತು. ಕಾರ್ಪೊರೇಶನ್ ನೇಮಿಸಿದ ಸಂಸ್ಥೆ ನೀರಿನಲ್ಲೂ ರಕ್ತದಲ್ಲೂ ಇಲ್ಲ ಎಂದಿತು. ಮಾದರಿಯನ್ನು ಯಾವಾಗ, ಎಲ್ಲಿಂದ, ಹೇಗೆ ತೆಗೆದರು ಎಂಬುದರ ಮೇಲೆ ವರ್ಷಗಟ್ಟಲೆ ಜಗಳ. ಮುಂದೆ ಎಂದಾದರೂ ನೀರಿನ ಮಾದರಿ ತೆಗೆಯುವ ಸಂದರ್ಭ ಬಂದರೆ ರಸಾಯನಶಾಸ್ತ್ರದವರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ದ್ರಾವಕದಲ್ಲಿ ತೊಳೆದ ಕಂದು ಗಾಜಿನ ಒಂದು ಲೀಟರ್ ಬಾಟಲಿ ಬೇಕು. ಪ್ಲಾಸ್ಟಿಕ್ಕಿಗೆ ಕೀಟನಾಶಕ ಅಂಟಿಕೊಂಡು ಫಲಿತಾಂಶ ಕಡಿಮೆ ಬರುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಹತ್ತಿರ ಇಟ್ಟು, ಏಳು ದಿನದೊಳಗೆ ಲ್ಯಾಬಿನಲ್ಲಿ ನೀರಿನಿಂದ ಕೀಟನಾಶಕವನ್ನು ಬೇರ್ಪಡಿಸಬೇಕು. ಪ್ರತಿ ಜಾಗದಿಂದ ಎರಡು ಬಾಟಲಿ, ಜೊತೆಗೆ ಶುದ್ಧ ನೀರು ತುಂಬಿಸಿ ಅದೇ ಹಾದಿಯಲ್ಲಿ ಕೊಂಡೊಯ್ದ ಒಂದು ಬಾಟಲಿ. ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಸಮಯ ಸಹಿತ ಸಹಿ ಹಾಕಿದ ಕಾಗದ. ಆ ಕಾಗದ ಇಲ್ಲದಿದ್ದರೆ ಎದುರು ವಕೀಲರು ಉಳಿದದ್ದನ್ನು ನೋಡುವುದೂ ಇಲ್ಲ.

ಹಾಗಾದರೆ ನಿಮ್ಮ ಪ್ರಶ್ನೆ ಯಾವುದು? ನಮ್ಮ ಅಭಿಪ್ರಾಯದಲ್ಲಿ ಇದು: ಪಟ್ಟಿಯೊಳಗೆ ಯಾರು ಬಂದರು, ಯಾರು ಹೊರಗೆ ಉಳಿದರು, ಯಾಕೆ?

2010ರ ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ ತಿಂಗಳಲ್ಲಿ ದೇಶದೊಳಗೆ ಅದರ ಬಳಕೆಗೆ ಸುಪ್ರೀಂ ಕೋರ್ಟಿನ ತಡೆ ಬಂತು. 2017ರ ಜನವರಿ 10ರಂದು ಅದೇ ಕೋರ್ಟು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದಿತು. ಐದು ವರ್ಷ ಕಳೆದು 2022ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ, ಅದೂ ಕೋರ್ಟಿಗೆ ಹೋದ ಎಂಟು ಮಂದಿಗೆ. ವಿಷ ಬಿದ್ದದ್ದು ಒಂದು ಅನ್ಯಾಯ; ಪರಿಹಾರದ ದಾರಿಯಲ್ಲಿ ಯಾರು ಎಷ್ಟು ದೂರ ನಡೆಯಬಲ್ಲರು ಎಂಬುದು ಇನ್ನೊಂದು. ಈ ಎರಡನೆಯದನ್ನು ಅಳೆಯಲು ರಕ್ತ ಬೇಡ, ಕಾಗದ ಸಾಕು. ಸಮಾಜಶಾಸ್ತ್ರ ಕಲಿತವರ ಕೆಲಸವೇ ಅದು.

ಅದಕ್ಕೆ ಬೇಕಾದ ಹೋಲಿಕೆ ಕಾಸರಗೋಡಿನೊಳಗೇ ಇದೆ. ಬಾಧಿತವೆಂದು ಗುರುತಿಸಿದ 11 ಪಂಚಾಯತುಗಳಲ್ಲಿ ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ ಕನ್ನಡ, ತುಳು ಬಲವಾಗಿರುವ ಕಡೆ. ಪುಲ್ಲೂರು-ಪೆರಿಯ, ಅಜಾನೂರು, ಕಯ್ಯೂರು-ಚೀಮೇನಿ ಮಲಯಾಳದ ಕಡೆ. ಕಾರ್ಪೊರೇಶನ್ ಒಂದೇ, ಮದ್ದು ಒಂದೇ, ಸರಕಾರದ ಆದೇಶವೂ ಒಂದೇ. ಅರ್ಜಿ ನಮೂನೆ, ಶಿಬಿರದ ಪ್ರಕಟಣೆ, ತಿರಸ್ಕಾರದ ಪತ್ರ ಯಾವ ಭಾಷೆಯಲ್ಲಿ ಬಂದವು? ಶಿಬಿರ ನಡೆದ ಜಾಗಕ್ಕೆ ಬಸ್ಸಿತ್ತೇ? ಕೊರಗ ಬುಡಕಟ್ಟಿನವರ ಮನೆಗಳಿಗೆ ಸುದ್ದಿ ತಲುಪಿಸಿದವರು ಯಾರು? ರೇಷನ್ ಕಾರ್ಡು, ಅಂಗವೈಕಲ್ಯದ ಪ್ರಮಾಣಪತ್ರ ಇಲ್ಲದವರು ಯಾವ ಹಂತದಲ್ಲಿ ಬಿಟ್ಟುಹೋದರು? ಒಂದೇ ವಾರ್ಡಿನಿಂದ, ಹೆಚ್ಚುಕಡಿಮೆ ಒಂದೇ ತೊಂದರೆಯಿರುವ ಎರಡೆರಡು ಮನೆ ಆರಿಸಿ: ಒಂದು ಪಟ್ಟಿಯೊಳಗಿನದು, ಒಂದು ಹೊರಗಿನದು. ಇಂಥ 20ರಿಂದ 25 ಜೋಡಿ ಸಿಕ್ಕಿದರೆ ಪಿಎಚ್‌.ಡಿ.ಗೆ ಬೇಕಾದಷ್ಟು ಆಳ ಸಿಗುತ್ತದೆ. ಹೊರಗಿನ ಮನೆಗಳನ್ನು ಪಟ್ಟಿಯ ಸಹಾಯದಿಂದ ಹುಡುಕಲಾಗದು. ಪಂಚಾಯತಿನ ಕಟ್ಟಡ ತೆರಿಗೆಯ ರಿಜಿಸ್ಟರನ್ನೋ ಮತದಾರರ ಪಟ್ಟಿಯನ್ನೋ ಆಧಾರವಾಗಿಟ್ಟು, ಆಶಾ ಕಾರ್ಯಕರ್ತೆಯರನ್ನೂ ಅಂಗನವಾಡಿಯವರನ್ನೂ ಕೇಳಬೇಕು.

ಗಡಿಯಾಚೆಗೂ ಇದು ಚಾಚಿದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತ ಕರ್ನಾಟಕದ ಗೇರು ನಿಗಮದ ತೋಟಗಳಲ್ಲೂ ಇದೇ ಮದ್ದು ಬಿಟ್ಟಿದ್ದರು. ಅಲ್ಲಿ ಸರಕಾರ ಮಾಸಾಶನದ ದಾರಿ ಹಿಡಿಯಿತು. ಎರಡು ರಾಜ್ಯ, ಎರಡು ಬಗೆಯ ಪರಿಹಾರ. ಕನ್ನಡ, ಮಲಯಾಳ ಎರಡರ ಕಡತವನ್ನೂ ಓದಬಲ್ಲ ಸಂಶೋಧಕರು ಬೆರಳೆಣಿಕೆಯಷ್ಟು. ನಿಮಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಕಷ್ಟ ಎಂದು ಬರೆದಿದ್ದೀರಿ. ಇಂಗ್ಲಿಷಿನ ಬಗ್ಗೆ ಚಿಂತಿಸುವ ಮೊದಲು ಆರು ತಿಂಗಳು ಮಲಯಾಳ ಓದುವುದನ್ನು ಅಭ್ಯಾಸ ಮಾಡಿ. ಗ್ರಾಮಸಭೆಯ ನಡಾವಳಿ, ಸರಕಾರಿ ಆದೇಶ, ವಿಲೇಜ್ ಆಫೀಸಿನ ಕಡತ ಎಲ್ಲವೂ ಅದರಲ್ಲಿವೆ. 1956ರ ನವೆಂಬರ್ 1ಕ್ಕಿಂತ ಹಿಂದಿನ ಜಮೀನಿನ ಸಂಗತಿ ಬೇಕಾದರೆ ನಿಮ್ಮ ಕನ್ನಡ ಕೈಹಿಡಿಯುತ್ತದೆ. ಆಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದು. ಕುಮ್ಕಿ ಜಾಗ (ಕೃಷಿ ಜಮೀನಿಗೆ ತಾಗಿದ ಸರಕಾರಿ ಜಾಗ) ಯಾವುದಿತ್ತು, ಗುಡ್ಡದ ನೆತ್ತಿ ಯಾವಾಗ ಕೈಬದಲಾಯಿತು ಎಂಬುದನ್ನು ತಿಳಿಯದೆ ಗೇರು ತೋಟದ ಚರಿತ್ರೆ ಬರೆಯಲಾಗದು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಆಯೋಗಕ್ಕೆ. ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ, ಬಳಸಿ. ಅರ್ಜಿ ಸೋಲುವುದು ಹೆಚ್ಚಾಗಿ ಕೇಳುವ ಕ್ರಮದಿಂದ. ‘ಸಂತ್ರಸ್ತರ ಹೆಸರಿನ ಪಟ್ಟಿ ಕೊಡಿ’ ಎಂದರೆ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕುತ್ತಾರೆ. ಹಾಗೆ ತಳ್ಳುವುದು ಸರಿಯೂ ಹೌದು, ರೋಗಿಗಳ ಹೆಸರು ಬೀದಿಗೆ ಬೀಳಬಾರದು. ‘ಯಾಕೆ ಕೊಡಲಿಲ್ಲ?’ ಎಂದು ಕೇಳಿದರೆ ಅಭಿಪ್ರಾಯ ಕೊಡಲಾಗದು ಎನ್ನುತ್ತಾರೆ. ವಾರ್ಡುವಾರು ಅರ್ಜಿಗಳ ಸಂಖ್ಯೆ, ಒಪ್ಪಿದ್ದು, ತಿರಸ್ಕರಿಸಿದ್ದು, ತಿರಸ್ಕಾರಕ್ಕೆ ಕಡತದಲ್ಲಿ ದಾಖಲಾದ ಕಾರಣ, ಶಿಬಿರಗಳ ದಿನಾಂಕ ಮತ್ತು ಸ್ಥಳ, ಪ್ರಕಟಣೆಯ ಪ್ರತಿ ಎಂದು ಇರುವ ದಾಖಲೆಯನ್ನೇ ಬಿಡಿಬಿಡಿಯಾಗಿ ಕೇಳಿ.

ಜನರ ಬಳಿಗೆ ಹೋಗುವ ವಿಷಯದಲ್ಲಿ ನಮಗೆ ಒಂದು ಆಗ್ರಹವಿದೆ. ಪಡ್ರೆಯ ಸ್ವರ್ಗ, ವಾಣೀನಗರದ ಕೆಲವು ಮನೆಗಳಿಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕ್ಯಾಮರಾ, ಪ್ರಶ್ನಾವಳಿ ಬರುತ್ತಲೇ ಇವೆ. ಅದೇ ಮನೆಗೆ ನೀವೂ ಹೋಗಬೇಡಿ. ಮಕ್ಕಳ ಫೋಟೊ ಬೇಡವೇ ಬೇಡ. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಒಪ್ಪಿಗೆ ಪತ್ರ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ತುಳುವಿನವರಿಗೆ ಕನ್ನಡ ಲಿಪಿಯಲ್ಲಿ ಬರೆದುಕೊಂಡು ತುಳುವಿನಲ್ಲೇ ಓದಿ ಹೇಳಿ. ಹೆಬ್ಬೆಟ್ಟು ಹಾಕುವವರಿದ್ದರೆ ನಿಮಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಬೇಕು. ‘ಇದರಿಂದ ದುಡ್ಡು ಬರುತ್ತದಾ?’ ಎಂದು ಕೇಳಿಯೇ ಕೇಳುತ್ತಾರೆ. ಬರುವುದಿಲ್ಲ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಹೇಳದಿದ್ದರೆ ತೊಂದರೆಯನ್ನು ಹೆಚ್ಚಿಸಿ ಹೇಳುವವರೂ, ಹೆದರಿ ಮುಚ್ಚಿಡುವವರೂ ಇರುತ್ತಾರೆ. ಇಸವಿ ಕೇಳಬೇಡಿ, ಯಾರಿಗೂ ನೆನಪಿರದು. ಮಗನನ್ನು ಶಾಲೆಗೆ ಸೇರಿಸುವ ಮೊದಲೋ ಆಮೇಲೋ, ಹೆಲಿಕಾಪ್ಟರ್ ಬರುತ್ತಿದ್ದ ಕಾಲವೋ ನಿಂತ ಮೇಲೋ ಎಂದು ಕೇಳಿ. ಮಾತನ್ನು ಆಡಿದ ಭಾಷೆಯಲ್ಲೇ ಬರೆದಿಟ್ಟು ಆಮೇಲೆ ಇಂಗ್ಲಿಷಿಗೆ ತನ್ನಿ, ಮೂಲವನ್ನು ಅಳಿಸಬೇಡಿ. ಕೊನೆಗೆ ನಾಲ್ಕು ಪುಟದ ಕನ್ನಡ ಸಾರವನ್ನು ಗ್ರಾಮಸಭೆಯಲ್ಲಿ ಓದಿ.

ಹೋರಾಟದವರ ಜೊತೆ ಇರಬಹುದೇ ಎಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಇರಬಹುದು. ಇಲ್ಲಿನ ಮೊದಲ ಲೆಕ್ಕ ಹಿಡಿದವರು ವಿಶ್ವವಿದ್ಯಾಲಯದವರಲ್ಲ; ವಾಣೀನಗರದ ವೈದ್ಯ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ, ಕೋರ್ಟಿಗೆ ಹೋದ ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ. ಅಮೆರಿಕದಲ್ಲಿ ಪರಿಸರ ನ್ಯಾಯದ ಅಧ್ಯಯನಕ್ಕೆ ತಳಪಾಯ ಹಾಕಿದ ಸಮಾಜಶಾಸ್ತ್ರಜ್ಞ ರಾಬರ್ಟ್ ಬುಲ್ಲಾರ್ಡ್ ಕೂಡ 1979ರಲ್ಲಿ ಕೆಲಸ ಶುರು ಮಾಡಿದ್ದು ವಕೀಲೆಯಾಗಿದ್ದ ಪತ್ನಿಯ ಮೊಕದ್ದಮೆಗಾಗಿ. ಹ್ಯೂಸ್ಟನ್ ನಗರದ ಕಸದ ಗುಂಡಿಗಳು ಎಲ್ಲೆಲ್ಲಿವೆ ಎಂದು ವಿದ್ಯಾರ್ಥಿಗಳೊಂದಿಗೆ ಹುಡುಕಿ ನಕ್ಷೆಯ ಮೇಲೆ ಗುರುತಿಸಿದರು. ನಗರಸಭೆಯ ಐದು ಗುಂಡಿಗಳಲ್ಲಿ ಐದೂ ಕಪ್ಪು ಜನರ ಬಡಾವಣೆಗಳಲ್ಲಿದ್ದವು. ನಗರದಲ್ಲಿ ಅವರಿದ್ದದ್ದು ಕಾಲು ಭಾಗ. ಮೊಕದ್ದಮೆ ಸೋತಿತು.  1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಪರಿಸರ ನ್ಯಾಯದ ಆದೇಶಕ್ಕೆ ಸಹಿ ಹಾಕುವ ತನಕ ಅವರು ಪಾಠ ಹೇಳುತ್ತ, ಊರೂರು ಅಲೆಯುತ್ತ ಅದೇ ಕೆಲಸ ಮುಂದುವರಿಸಿದರು. ನೀವು ಯಾರ ಪರ ಎಂದು ಪ್ರಬಂಧದ ಮೊದಲ ಅಧ್ಯಾಯದಲ್ಲೇ ಬರೆಯಿರಿ. ಆದರೆ ಸಂಘಟನೆಯವರು ತೋರಿಸಿದ ಮನೆಗಳಿಗಷ್ಟೇ ಹೋಗಬೇಡಿ, ನಿಮಗೆ ಬೇಡದ ಅಂಕಿ ಬಂದರೆ ಬಿಟ್ಟುಬಿಡಬೇಡಿ.

ಈಗ ಹೊಟ್ಟೆಪಾಡು. ಪಿಎಚ್‌.ಡಿ. ಸೇರಲು ಸ್ನಾತಕೋತ್ತರದಲ್ಲಿ 55 ಶೇಕಡಾ ಬೇಕು. ಸಂಶೋಧನೆಗೂ ಕಾಲೇಜು ಅಧ್ಯಾಪನಕ್ಕೂ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತು. ಮೂರು ಗಂಟೆ, ಮೊದಲ ಪತ್ರಿಕೆ 50 ಪ್ರಶ್ನೆ, ವಿಷಯ ಪತ್ರಿಕೆ 100, ತಪ್ಪಿಗೆ ಅಂಕ ಕಳೆಯುವುದಿಲ್ಲ. ಸಮಾಜಶಾಸ್ತ್ರದ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ನಿಮ್ಮ ಇಂಗ್ಲಿಷ್ ನಿಜಕ್ಕೂ ಅಡ್ಡಬರುವುದು ಇಲ್ಲಿ, ಸಂಶೋಧನೆಯಲ್ಲಲ್ಲ. ಹಳೆಯ ಐದಾರು ವರ್ಷದ ಪತ್ರಿಕೆಗಳನ್ನು ಗಡಿಯಾರ ಇಟ್ಟು ಬಿಡಿಸಿದರೆ ಆ ತೊಡಕು ಮುಕ್ಕಾಲು ಪಾಲು ಕಳೆಯುತ್ತದೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ವಯಸ್ಸಿನ ಮಿತಿ 30, ಮಹಿಳೆಯರಿಗೆ 35. ಜೆಆರ್‌ಎಫ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದರೆ 8,000; ಅದರಲ್ಲಿ, ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯವಿರುವ ಪೆರಿಯದಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಹೇಗೋ ಕಳೆಯಬಹುದು, ಮನೆಗೆ ಕೊಡಲಾಗದು. ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗುವುದು ಮಾಮೂಲಿ, ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಸೇರಿ. ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷದ ಸೌಲಭ್ಯವೂ 240 ದಿನದ ಹೆರಿಗೆ ರಜೆಯೂ ಇವೆ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಸಿಕ್ಕಿದರೆ ಮೂಲ ವೇತನ 57,700ರಿಂದ ಶುರು. ಆದರೆ ಅಲ್ಲಿಗೆ ತಲುಪುವ ಮೊದಲು ಕೆಲವು ವರ್ಷ ಗೆಸ್ಟ್ ಲೆಕ್ಚರರ್ ಆಗಿಯೋ ಪ್ರಾಜೆಕ್ಟ್ ಕೆಲಸದಲ್ಲಿಯೋ ಕಳೆಯಬೇಕಾಗುತ್ತದೆ, ಇದನ್ನು ಮನೆಯವರಿಗೂ ಈಗಲೇ ಹೇಳಿ.

ಗಡಿನಾಡಿನವರು ಗೊಂದಲಕ್ಕೆ ಬೀಳುವ ಒಂದು ಸಂಗತಿ: ಕೇರಳದ ‘ಸೆಟ್’ ಹೈಯರ್ ಸೆಕೆಂಡರಿ ಟೀಚರ್ ಹುದ್ದೆಗೆ ಮಾತ್ರ. ಕರ್ನಾಟಕದ ‘ಕೆ-ಸೆಟ್’ ಕಾಲೇಜು ಅಧ್ಯಾಪಕರಾಗಲು, ಅದೂ ಕರ್ನಾಟಕದಲ್ಲಿ. ಎರಡೂ ಕಡೆ ನಡೆಯುವುದು ನೆಟ್. ಮನೆಯವರ ಸಲಹೆಯನ್ನು ತಳ್ಳಿಹಾಕಬೇಡಿ. ಹೈಯರ್ ಸೆಕೆಂಡರಿ ಕೆಲಸ ಗೌರವದ ಕೆಲಸ, ನಂತರ ಅರೆಕಾಲಿಕ ಪಿಎಚ್‌.ಡಿ.ಗೂ ಅವಕಾಶವಿದೆ. ಆದರೆ ಎರಡು ಸುತ್ತು ನೆಟ್ ಬರೆದು ನೋಡಿದ ಮೇಲೆ ಬಿ.ಎಡ್. ಕಡೆ ತಿರುಗಿ, ಮೊದಲೇ ಬೇಡ.

ಪ್ರಕಟಣೆಯ ಬಗ್ಗೆ ಒಂದೇ ಮಾತು. 2022ರ ಯುಜಿಸಿ ನಿಯಮದಂತೆ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕೆಂದಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನೆಂದು ಕೇಳಿಕೊಳ್ಳಿ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ಹತ್ತಿರ ಸುಳಿಯಬೇಡಿ, ಮುಂದೆ ಸಂದರ್ಶನದಲ್ಲಿ ಅದೇ ಹೊರೆಯಾಗುತ್ತದೆ.

ಗೈಡ್ ಹುಡುಕುವಾಗ ಹೆಸರಿಗಿಂತ ಖಾಲಿ ಜಾಗ ನೋಡಿ. ಪ್ರೊಫೆಸರರಿಗೆ ಎಂಟು, ಅಸೋಸಿಯೇಟ್ ಪ್ರೊಫೆಸರರಿಗೆ ಆರು, ಅಸಿಸ್ಟೆಂಟರಿಗೆ ನಾಲ್ಕು ವಿದ್ಯಾರ್ಥಿಗಳ ಮಿತಿಯಿದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಮಂಗಳೂರು ವಿಶ್ವವಿದ್ಯಾಲಯ, ಸಮಾಜವಿಜ್ಞಾನದ ಸಂಸ್ಥೆಗಳಾದ ಬೆಂಗಳೂರಿನ ಐಸೆಕ್, ಮುಂಬಯಿಯ ಟಿಸ್, ತಿರುವನಂತಪುರದ ಸಿಡಿಎಸ್ ಇವುಗಳ ಅಧ್ಯಾಪಕರ ಪುಟ ನೋಡಿ, ಪರಿಹಾರ, ಆರೋಗ್ಯ, ಭೂಮಿಯ ಬಗ್ಗೆ ಬರೆದವರನ್ನು ಗುರುತಿಸಿ, ಅವರ ಎರಡು ಲೇಖನ ಓದಿದ ಮೇಲೆಯೇ ಪತ್ರ ಬರೆಯಿರಿ. ಒಂದು ಪುಟ ಸಾಕು: ಪ್ರಶ್ನೆ ಒಂದು ವಾಕ್ಯದಲ್ಲಿ, ಹೋಲಿಸುವ ಪಂಚಾಯತುಗಳು, ನಿಮಗೆ ಗೊತ್ತಿರುವ ಭಾಷೆಗಳು, ಈಗಾಗಲೇ ಕೈಗೆ ಬಂದ ದಾಖಲೆಗಳು. ಆ ಕೊನೆಯ ಸಾಲು ತುಂಬಬೇಕಾದರೆ ಎಣ್ಮಕಜೆ ಮತ್ತು ಕಯ್ಯೂರು-ಚೀಮೇನಿಯ ವಾರ್ಡುವಾರು ಅಂಕಿ ಕೇಳುವ ಮಾಹಿತಿ ಹಕ್ಕಿನ ಅರ್ಜಿ ಈ ವಾರವೇ ಅಂಚೆಗೆ ಬೀಳಬೇಕು. ಕರಡು ಬರೆದು ನಮಗೆ ಕಳುಹಿಸಿ, ಓದಿ ತಿದ್ದಿ ಕೊಡುತ್ತೇವೆ.

– ಸಂಪಾದಕ